ಕರೆಂಟು ಇತ್ತು, ತಾಕತ್ತು ಇರಲಿಲ್ಲ: ಕಾಯಿಲ್ ಸುತ್ತುವ ಮೆಷಿನ್ನಿಗೆ ಸ್ಟೆಪ್ಪರ್ ಕೂರಿಸಿದ ಕಥೆ

ಹಾಸನದ ಸಂತೆಪೇಟೆ ಕಡೆ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಫೆಬ್ರವರಿ ಬಂತೆಂದರೆ ನಮಗೆ ಉಸಿರಾಡಲೂ ಪುರುಸೊತ್ತಿಲ್ಲ. ಬೇಲೂರು, ಸಕಲೇಶಪುರದ ಕಡೆ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲ ಅದು. ಅರಸೀಕೆರೆ ಕಡೆ ತೆಂಗಿಗೆ ಬೋರಿನ ನೀರು ಬೇಕು. ಎಲ್ಲರೂ ಒಟ್ಟಿಗೆ ಪಂಪ್ ಹಾಕುತ್ತಾರೆ. ವೋಲ್ಟೇಜ್ ಬೀಳುತ್ತದೆ, ಇಲ್ಲವೇ ಒಂದು ಫೇಸ್ ಹೋಗುತ್ತದೆ, ಮೋಟಾರ್ ಸುಡುತ್ತದೆ. ಮರುದಿನ ಬೆಳಿಗ್ಗೆ ಅಂಗಡಿ ಮುಂದೆ ಪಿಕಪ್ ನಿಂತಿರುತ್ತದೆ.

ಸುಟ್ಟ ಮೋಟಾರಿಗೆ ಹೊಸದಾಗಿ ಹಾಕುವ ವೈರಿನ ಕಾಯಿಲ್ ಸುತ್ತುವುದು ಕೈ ಮೆಷಿನ್ನಿನಲ್ಲಿ. ಒಂದು ಹಿಡಿಕೆ, ಎರಡು ಗೇರ್, ಸುತ್ತು ಎಣಿಸುವ ಒಂದು ಕೌಂಟರ್. ಹಿಡಿಕೆ ತಿರುಗಿಸುವವನಿಗೆ ಫೋನ್ ಬಂದರೆ ಎಣಿಕೆ ತಪ್ಪುತ್ತದೆ. ಕೌಂಟರಿನ ಹಲ್ಲು ಸವೆದು, 45 ಸುತ್ತಿಗೆ 44 ಎಂದು ತೋರಿಸುವ ಮಟ್ಟಕ್ಕೆ ಬಂದಿತ್ತು. ನನ್ನ ಅಕ್ಕನ ಮಗ ಇಲ್ಲೇ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಾನೆ. ಒಂದು ಭಾನುವಾರ ಬಂದವನು ಇದನ್ನು ನೋಡಿ, "ಮಾವ, ಒಂದು ಸ್ಟೆಪ್ಪರ್ ಕೂರಿಸಿಬಿಡೋಣ. ಎಷ್ಟು ಸುತ್ತು ಅಂತ ಒತ್ತಿದ್ರೆ ಅಷ್ಟೇ ಸುತ್ತಿ ನಿಲ್ಲುತ್ತೆ" ಎಂದ. ಸ್ಟೆಪ್ಪರ್ ಎಂದರೆ ಹೆಜ್ಜೆ ಹೆಜ್ಜೆಯಾಗಿ, ಹೇಳಿದಷ್ಟೇ ತಿರುಗುವ ಮೋಟಾರ್.

ಇಪ್ಪತ್ತು ವರ್ಷದಿಂದ ಮೋಟಾರ್ ಬಿಚ್ಚಿ ಕಟ್ಟಿದವನು ನಾನು. ಅಂಗೈಯಗಲದ ಮೋಟಾರ್ ನನಗೇನು ಕಲಿಸೀತು ಅಂದುಕೊಂಡಿದ್ದೆ. ಮೂರು ತಿಂಗಳು ಹಿಡಿಯಿತು.

ಮೊದಲು ಅವನು ತಂದಿದ್ದು ಕಾಲೇಜು ಪ್ರಾಜೆಕ್ಟಿನಲ್ಲಿ ಉಳಿದಿದ್ದ ನೀಮಾ 17 ಅಳತೆಯ ಸ್ಟೆಪ್ಪರ್ ಮೋಟಾರ್. ಮುಖ 42 ಮಿಲಿಮೀಟರ್ ಚೌಕ, 5 ಮಿಲಿಮೀಟರ್ ಶಾಫ್ಟ್, ನಾಲ್ಕು ವೈರ್. ಒಂದು ಸುತ್ತಿಗೆ 200 ಹೆಜ್ಜೆ, ಅಂದರೆ ಹೆಜ್ಜೆಗೆ 1.8 ಡಿಗ್ರಿ. ಜೊತೆಗೆ ಪ್ರೋಗ್ರಾಂ ಹಾಕಿ ಓಡಿಸುವ ಆರ್ಡ್ವಿನೋ ಊನೋ ಬೋರ್ಡ್, ಅದು ಹೇಳಿದಂತೆ ಮೋಟಾರಿಗೆ ಕರೆಂಟು ಕೊಡುವ, ಬೆರಳುಗುರಿನಷ್ಟು ದೊಡ್ಡ ಎ4988 ಡ್ರೈವರ್ ಬೋರ್ಡ್, 12 ವೋಲ್ಟ್ ಅಡಾಪ್ಟರ್.

ಮೋಟಾರಿನ ಕಾಯಿಲಿಗೆ ಮೀಟರ್ ಇಟ್ಟೆ. 1.5 ಓಮ್. ಚೀಟಿಯ ಮೇಲೆ 1.7 ಆಂಪಿಯರ್ ಎಂದಿತ್ತು. ಗುಣಿಸಿದರೆ 2.55 ವೋಲ್ಟ್. "ಇದಕ್ಕೆ 12 ವೋಲ್ಟ್ ಕೊಟ್ರೆ 8 ಆಂಪಿಯರ್ ಹೋಗುತ್ತೆ ಕಣೋ, ಸುಟ್ಟು ಹೋಗಲ್ವಾ?" ಎಂದೆ. ಅವನು ನಕ್ಕ. ಇಲ್ಲೇ ಸ್ಟೆಪ್ಪರಿನ ಮೊದಲ ಗುಟ್ಟು ಇರುವುದು. ಡ್ರೈವರ್ ಬೋರ್ಡ್ ಸುಮ್ನೆ ಸ್ವಿಚ್ ಅಲ್ಲ. ಪೂರ್ತಿ 12 ವೋಲ್ಟನ್ನು ಕಾಯಿಲಿಗೆ ಬಿಡುತ್ತದೆ, ಕರೆಂಟು ಏರುವುದನ್ನು ಒಂದು ಚಿಕ್ಕ ರೆಸಿಸ್ಟರ್ ಮೂಲಕ ನೋಡುತ್ತಿರುತ್ತದೆ, ನಾವು ಹೇಳಿದ ಮಿತಿ ಮುಟ್ಟಿದ ಕೂಡಲೇ ಕತ್ತರಿಸುತ್ತದೆ. ಇಳಿದರೆ ಮತ್ತೆ ಬಿಡುತ್ತದೆ. ಸೆಕೆಂಡಿಗೆ ಸಾವಿರಾರು ಸಲ. ಹಾಗಾಗಿ ಸಪ್ಲೈ ವೋಲ್ಟೇಜು ಮೋಟಾರ್ ಚೀಟಿಗಿಂತ ಜಾಸ್ತಿ ಇದ್ದರೆ ತೊಂದರೆಯಿಲ್ಲ, ಜಾಸ್ತಿಯೇ ಇರಬೇಕು. ಯಾಕೆ ಜಾಸ್ತಿ ಬೇಕು ಎಂಬುದು ನನಗೆ ಅರ್ಥವಾಗಿದ್ದು ಬಹಳ ಆಮೇಲೆ.

ವೈರ್ ಸುತ್ತಿಕೊಳ್ಳುವ ಅಚ್ಚನ್ನು ಖಾಲಿ ಹಾಕಿದಾಗ ಮೋಟಾರ್ ಚೆನ್ನಾಗಿ ತಿರುಗಿತು. ವೈರ್ ಕಟ್ಟಿ ಎಳೆಸಿದೆವು. ಅರ್ಧ ಸುತ್ತಿಗೆ ನಿಂತು ನಡುಗತೊಡಗಿತು. ನಮ್ಮ ಅಂಗಡಿ ಹುಡುಗ, "ಅಣ್ಣ, ಇದು ತಿರುಗ್ತಿಲ್ಲ, ಗೊಣಗ್ತಾ ಐತೆ" ಎಂದ.

ಕರೆಂಟು ಕಡಿಮೆಯಿರಬೇಕು ಎಂದು, ವೈರನ್ನು ಕಚ್ಚಿ ಹಿಡಿದು ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ತಂದು ವೈರಿಗೆ ಹಾಕಿದೆ. ಸೊನ್ನೆ. ಇನ್ನೊಂದು ವೈರಿಗೆ ಹಾಕಿದೆ. ಸೊನ್ನೆ. ಆಮೇಲೆ ನನಗೇ ನಾಚಿಕೆಯಾಯಿತು. ನನ್ನ ಟಾಂಗ್ ಟೆಸ್ಟರ್ ಒಳಗೆ ಇರುವುದು ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್) ಕಾಯಿಲ್, ಅದು ಎ.ಸಿ. ಮಾತ್ರ ಓದುತ್ತದೆ. ನಿಂತ ಸ್ಟೆಪ್ಪರಿನ ಕಾಯಿಲಿನಲ್ಲಿ ಹರಿಯುವುದು ಡಿ.ಸಿ. ಸರಿ, ಮಲ್ಟಿಮೀಟರನ್ನು ಸಪ್ಲೈ ವೈರಿಗೆ ಸೀರೀಸ್ ಹಾಕಿದೆ. 0.2 ಆಂಪಿಯರ್ ತೋರಿಸಿತು. 1.7ರ ಮೋಟಾರಿಗೆ 0.2 ಮಾತ್ರ ಹೋಗುತ್ತಿದೆ, ಅಡಾಪ್ಟರ್ ಸಾಲದು ಎಂದು ನಾನು ತೀರ್ಮಾನ ಕೊಟ್ಟೆ. ಅದೂ ತಪ್ಪು. ಡ್ರೈವರ್ ಕತ್ತರಿಸಿ ಕತ್ತರಿಸಿ ಕೊಡುವುದರಿಂದ, ಸಪ್ಲೈ ಕಡೆಯ ಆಂಪಿಯರಿಗೂ ಕಾಯಿಲಿನ ಆಂಪಿಯರಿಗೂ ನೇರ ಸಂಬಂಧ ಇಲ್ಲ. 12 ವೋಲ್ಟಿನಲ್ಲಿ ಸ್ವಲ್ಪ ಆಂಪಿಯರ್ ತೆಗೆದುಕೊಂಡು, ಕಾಯಿಲಿಗೆ ಕಡಿಮೆ ವೋಲ್ಟಿನಲ್ಲಿ ಜಾಸ್ತಿ ಆಂಪಿಯರ್ ಕೊಡುತ್ತದೆ. ಅಳೆಯಬೇಕಾದ್ದು ಕಾಯಿಲ್ ವೈರಿನಲ್ಲೇ.

ಕಾಯಿಲಿನಲ್ಲಿ ಅಳೆದಾಗ 0.35 ಬಂತು. ಇದಂತೂ ನಿಜಕ್ಕೂ ಕಡಿಮೆ. ಎ4988 ಬೋರ್ಡಿನಲ್ಲಿ ಒಂದು ಪುಟ್ಟ ತಿರುಪು ಇದೆ, ಅದನ್ನು ತಿರುಗಿಸಿ ವಿರೆಫ್ ಎಂಬ ವೋಲ್ಟೇಜ್ ಇಡಬೇಕು. ಲೆಕ್ಕ ಹೀಗೆ: ವಿರೆಫ್ ಎಂದರೆ 8 ಗುಣಿಸು ಕರೆಂಟು ಗುಣಿಸು ಸೆನ್ಸ್ ರೆಸಿಸ್ಟರ್, ಅಂದರೆ ಕರೆಂಟು ನೋಡುವ ಆ ಚಿಕ್ಕ ರೆಸಿಸ್ಟರ್. ಅಕ್ಕನ ಮಗ ಯಾವುದೋ ವಿಡಿಯೋ ನೋಡಿ 1 ಆಂಪಿಯರಿಗೆ 0.4 ವೋಲ್ಟ್ ಇಟ್ಟಿದ್ದ. ಅದು 0.05 ಓಮ್ ರೆಸಿಸ್ಟರ್ ಇರುವ ಬೋರ್ಡಿನ ಲೆಕ್ಕ. ನಮ್ಮದರ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಆರ್100 ಎಂದಿತ್ತು, ಅಂದರೆ 0.1 ಓಮ್. ಇದಕ್ಕೆ 0.8 ವೋಲ್ಟ್ ಬೇಕು. ಅರ್ಧ ಕರೆಂಟಿನಲ್ಲಿ ಓಡಿಸುತ್ತಿದ್ದೆವು. ಇನ್ನು 0.5ರ ಬದಲು 0.35 ಯಾಕೆ? ಪೂರ್ತಿ ಹೆಜ್ಜೆಯ ಮೋಡಿನಲ್ಲಿ ಎ4988 ಎರಡೂ ಕಾಯಿಲಿಗೆ ಮಿತಿಯ ಸುಮಾರು 70 ಪರ್ಸೆಂಟ್ ಮಾತ್ರ ಕೊಡುತ್ತದೆ. ಲೆಕ್ಕ ಸರಿಹೋಯಿತು. ಬೋರ್ಡ್ ಯಾರದ್ದೇ ಇರಲಿ, ತಿರುಪು ಮುಟ್ಟುವ ಮುಂಚೆ ಆ ರೆಸಿಸ್ಟರಿನ ಮೇಲಿನ ಅಕ್ಷರ ಓದಿ.

0.8ಕ್ಕೆ ಏರಿಸಿ, ಕಾಯಿಲಿನಲ್ಲಿ 0.7 ಬಂದದ್ದನ್ನು ನೋಡಿ ಖುಷಿಯಾಯಿತು. ಖುಷಿಯಲ್ಲಿ ಸಪ್ಲೈ ಆಫ್ ಮಾಡದೆ ಮೀಟರಿನ ವೈರ್ ಕಿತ್ತೆ. ಟಪ್ ಎಂದಿತು. ಓಡುತ್ತಿರುವ ಕಾಯಿಲನ್ನು ತಟ್ಟನೆ ಬಿಚ್ಚಿದರೆ ಅದರಲ್ಲಿ ತುಂಬಿದ ಶಕ್ತಿ ವೋಲ್ಟೇಜಾಗಿ ಚಿಮ್ಮುತ್ತದೆ, ಚಿಪ್ಪಿನ ಒಳಗಿನ ಟ್ರಾನ್ಸಿಸ್ಟರ್ ಸಾಯುತ್ತದೆ. ಕಾಂಟ್ಯಾಕ್ಟರ್ ಕಾಯಿಲಿನಲ್ಲಿ ಕಿಡಿ ಹಾರುವುದನ್ನು ದಿನಾ ನೋಡುವವನು ನಾನು, ಆದರೂ ಮಾಡಿದೆ. ಎರಡನೇ ಬೋರ್ಡ್ ಹಾಕಿ, ಅದರ ಚಿಪ್ಪಿನ ಮೇಲೆ ಬಿಸಿ ಹೊರಹಾಕುವ ಹೀಟ್‌ಸಿಂಕ್ ಅಂಟಿಸಿ ಮುಂದುವರಿದೆವು. ಈ ಚಿಪ್ಪು 2 ಆಂಪಿಯರ್ ಎಂದು ಹೆಸರು ಮಾಡಿದೆ, ಆದರೆ ಹೀಟ್‌ಸಿಂಕ್ ಇಲ್ಲದೆ 1 ಆಂಪಿಯರ್ ಆಚೆಗೆ ನಂಬಬೇಡಿ.

ಆದರೂ ವೈರ್ ಎಳೆಯಲಿಲ್ಲ.

ಆಗ ಮಾಡಿದ ಕೆಲಸವನ್ನು ಮೊದಲ ದಿನವೇ ಮಾಡಬೇಕಿತ್ತು. ರೈತರು ಬಂದು ಪಂಪ್ ಕೇಳಿದರೆ ಎಷ್ಟು ಅಡಿ ಎತ್ತಬೇಕು, ಎಷ್ಟು ನೀರು ಬೇಕು ಎಂದು ಕೇಳದೆ ಹೆಚ್.ಪಿ. ಹೇಳುವುದಿಲ್ಲ ನಾನು. ನನ್ನದೇ ಮೆಷಿನ್ನಿಗೆ ಮಾತ್ರ ಲೆಕ್ಕ ಹಾಕದೆ ಮೋಟಾರ್ ಕೂರಿಸಿದ್ದೆ.

ಕೊಕ್ಕೆ ಇರುವ ಡಿಜಿಟಲ್ ತಕ್ಕಡಿ ತೆಗೆದುಕೊಂಡೆ. 5 ಹೆಚ್.ಪಿ. ಮೋಟಾರಿನ ಕಾಯಿಲ್, 20 ಗೇಜ್ ವೈರ್ ಎರಡು ಎಳೆ ಒಟ್ಟಿಗೆ. ವೈರ್ ಬಿಗಿಯಾಗಿ ಕೂರಲು ಅದನ್ನು ಫೆಲ್ಟ್ ಬಟ್ಟೆಯ ನಡುವೆ ಹಾಯಿಸುತ್ತೇವೆ. ತಕ್ಕಡಿಯಿಂದ ಎಳೆದರೆ 1.5 ಕೆಜಿ. ಅಚ್ಚು ದುಂಡಗಿಲ್ಲ, ಉದ್ದುದ್ದ. ಮಧ್ಯದಿಂದ ದೂರದ ತುದಿ 11 ಸೆಂಟಿಮೀಟರ್. 1.5 ಗುಣಿಸು 11, ಅಂದರೆ 16.5 ಕೆಜಿ-ಸೆಂಟಿಮೀಟರ್ ಟಾರ್ಕ್, ತಿರುಗಿಸುವ ಬಲ. ಅದೂ ಉದ್ದ ತುದಿ ಬಂದಾಗ ಒಮ್ಮೆಗೆ ಜಗ್ಗುತ್ತದೆ, ಆಮೇಲೆ ಸಡಿಲವಾಗುತ್ತದೆ. ಹಾಗಾಗಿ ಕೈಯಲ್ಲಿ ದುಪ್ಪಟ್ಟು ಇರಬೇಕು.

ಈಗ ಮೋಟಾರಿನ ಕಡೆ. ಶಾಫ್ಟಿಗೆ 10 ಸೆಂಟಿಮೀಟರ್ ಉದ್ದದ ಪಟ್ಟಿ ಬಿಗಿದು, ತುದಿಗೆ ತಕ್ಕಡಿ ಕಟ್ಟಿ, ಮೋಟಾರ್ ಜಾರುವವರೆಗೆ ಎಳೆದೆ. ವಿರೆಫ್ 0.4 ಇದ್ದಾಗ 90 ಗ್ರಾಂ. 0.8 ಇದ್ದಾಗ 175 ಗ್ರಾಂ. ಅಂದರೆ 1.75 ಕೆಜಿ-ಸೆಂಟಿಮೀಟರ್. ಕರೆಂಟು ದುಪ್ಪಟ್ಟಾದರೆ ಟಾರ್ಕ್ ಕೂಡ ದುಪ್ಪಟ್ಟು, ಅದು ಕಣ್ಣಿಗೆ ಕಂಡಿತು. ಆದರೆ ಪೂರ್ತಿ 1.7 ಆಂಪಿಯರ್ ಕೊಟ್ಟರೂ ಈ ಮೋಟಾರ್ 4 ಕೆಜಿ-ಸೆಂಟಿಮೀಟರ್ ಚಿಲ್ಲರೆ ಮುಟ್ಟೀತು, ಅಷ್ಟೇ. ಬೇಕಿರುವುದು ಮೂವತ್ತರ ಮೇಲೆ. ಎತ್ತಿನ ಗಾಡಿಗೆ ಕುರಿ ಕಟ್ಟಿದ ಹಾಗಾಗಿತ್ತು.

ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ನೀಮಾ 23 ತಂದೆ. 57 ಮಿಲಿಮೀಟರ್ ಮುಖ, 2.8 ಆಂಪಿಯರ್, ನಿಂತಾಗ ಹಿಡಿಯುವ ಟಾರ್ಕ್ 19 ಕೆಜಿ-ಸೆಂಟಿಮೀಟರ್. ಕಾಯಿಲ್ 1.1 ಓಮ್. ಎಲ್‌ಸಿಆರ್ ಮೀಟರಿನಲ್ಲಿ ಇಂಡಕ್ಟೆನ್ಸ್ ಸುಮಾರು 4 ಮಿಲಿಹೆನ್ರಿ. ಇದಕ್ಕೆ ಎ4988 ಆಗದು. ಪರಿಚಯದವರ ಹತ್ತಿರ ಇದ್ದ ಟಿಬಿ6600 ಡ್ರೈವರ್ ತಂದು, ಅದೇ 12 ವೋಲ್ಟಿಗೆ ಸೇರಿಸಿದೆ.

ನಿಧಾನಕ್ಕೆ ತಿರುಗಿಸಿದರೆ ಕೈಯಲ್ಲಿ ಹಿಡಿದು ನಿಲ್ಲಿಸಲಾಗದು. ವೇಗ ಏರಿಸಿದರೆ ಎರಡು ಬೆರಳಿಗೆ ನಿಲ್ಲುತ್ತದೆ. ಇಂಡಕ್ಷನ್ ಮೋಟಾರ್ ಕಂಡವನಿಗೆ ಇದು ವಿಚಿತ್ರ. ನಮ್ಮ ಮೋಟಾರ್ ಹೊರಡುವಾಗ ಒದ್ದಾಡುತ್ತದೆ, ವೇಗ ಸಿಕ್ಕಮೇಲೆ ಆರಾಮ. ಇದು ತಿರುಗಾಮುರುಗಾ.

ಇಲ್ಲೇ ವೋಲ್ಟೇಜಿನ ಗುಟ್ಟು ಬಿಚ್ಚಿಕೊಂಡಿದ್ದು. ಕಾಯಿಲಿನಲ್ಲಿ ಕರೆಂಟು ತಟ್ಟನೆ ಏರುವುದಿಲ್ಲ, ಇಂಡಕ್ಟೆನ್ಸ್ ತಡೆಯುತ್ತದೆ. ಸ್ಟೆಪ್ಪರಿನಲ್ಲಿ ಪ್ರತಿ ಎರಡು ಹೆಜ್ಜೆಗೆ ಒಂದು ಕಾಯಿಲಿನ ಕರೆಂಟು ಈ ದಿಕ್ಕಿನಿಂದ ಆ ದಿಕ್ಕಿಗೆ ಪೂರ್ತಿ ತಿರುಗಬೇಕು. 2.8ರಿಂದ ಸೊನ್ನೆಗೆ ಬಂದು, ಆ ಕಡೆ 2.8ಕ್ಕೆ ಹೋಗಬೇಕು. 4 ಮಿಲಿಹೆನ್ರಿಗೆ 12 ವೋಲ್ಟ್ ಕೊಟ್ಟರೆ ಇದಕ್ಕೆ ಸುಮಾರು 1.9 ಮಿಲಿಸೆಕೆಂಡ್ ಬೇಕು. ಮೋಟಾರ್ ನಿಮಿಷಕ್ಕೆ 300 ಸುತ್ತು ತಿರುಗಿದರೆ, ಎರಡು ಹೆಜ್ಜೆಗೆ ಸಿಗುವ ಕಾಲ 2 ಮಿಲಿಸೆಕೆಂಡ್. ಅಂದರೆ ಕರೆಂಟು ಪೂರ್ತಿ ಏರುವಷ್ಟರಲ್ಲಿ ವಾಪಸ್ ಹೊರಡುವ ಹೊತ್ತು. ಡ್ರೈವರಿನಲ್ಲಿ 2.8 ಎಂದು ಇಟ್ಟರೂ ಕಾಯಿಲಿಗೆ ಅದು ಸಿಗುವುದೇ ಇಲ್ಲ. ಕರೆಂಟಿಲ್ಲದಿದ್ದರೆ ಟಾರ್ಕ್ ಎಲ್ಲಿಂದ? ವೋಲ್ಟೇಜ್ ಮೂರು ಪಟ್ಟು ಮಾಡಿದರೆ ಆ ಹೊತ್ತು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ನಿಂತಾಗಿನ ತಾಕತ್ತು ಆಂಪಿಯರಿನದ್ದು, ಓಡುವಾಗಿನ ತಾಕತ್ತು ವೋಲ್ಟಿನದ್ದು. ಅದಕ್ಕೇ ಚೀಟಿಯ ಲೆಕ್ಕದ 3 ವೋಲ್ಟ್ (2.8 ಗುಣಿಸು 1.1) ನೋಡಿ ಹೆದರಬಾರದು.

36 ವೋಲ್ಟಿನ ಎಸ್‌ಎಂಪಿಎಸ್ (ರೆಡಿಮೇಡ್ ಪವರ್ ಸಪ್ಲೈ) ತಗೊಳ್ಳೋಣ ಎಂದ ಅಕ್ಕನ ಮಗ. ಟ್ರಾನ್ಸ್‌ಫಾರ್ಮರ್ ಸುತ್ತುವ ಅಂಗಡಿಯಲ್ಲಿ ಕೂತು ಎಸ್‌ಎಂಪಿಎಸ್ ಕೊಳ್ಳುವುದೇ? ಹಳೇ ಸ್ಟೆಬಿಲೈಜರಿನ ಕೋರ್ ಬಿದ್ದಿತ್ತು, 300 ವಿ.ಎ. ಆದೀತು. ಸೆಕೆಂಡರಿ 25 ವೋಲ್ಟ್ ಸುತ್ತಿದೆ. ಎ.ಸಿ.ಯನ್ನು ಡಿ.ಸಿ. ಮಾಡಲು ಬ್ರಿಡ್ಜ್, 63 ವೋಲ್ಟಿನ 10,000 ಮೈಕ್ರೋಫ್ಯಾರಡ್ ಕೆಪಾಸಿಟರ್. ಹೊರಗೆ ಸುಮಾರು 34 ವೋಲ್ಟ್. ನಮ್ಮ ಲೈನ್ ರಾತ್ರಿ 260ಕ್ಕೆ ಏರಿದರೆ ಇದು 38 ದಾಟುತ್ತದೆ. ಮೋಟಾರ್ ತಟ್ಟನೆ ನಿಲ್ಲುವಾಗ ಜನರೇಟರಿನ ಹಾಗೆ ವಾಪಸ್ ವೋಲ್ಟೇಜ್ ತಳ್ಳುತ್ತದೆ, ಅದನ್ನೂ ಸೇರಿಸಿದರೆ 42 ವೋಲ್ಟ್ ಮಿತಿಯ ಟಿಬಿ6600ಗೆ ಅಪಾಯ. ಆದ್ದರಿಂದ 50 ವೋಲ್ಟ್ ತಡೆಯುವ ಡಿಎಂ542 ತರಿಸಿದೆ. ಸಂಜೆ ಲೈನ್ 180ಕ್ಕೆ ಬಿದ್ದರೂ 26 ವೋಲ್ಟ್ ಉಳಿಯುತ್ತದೆ, ನನ್ನ ವೇಗಕ್ಕೆ ಅದೂ ಸಾಕು.

ಡಿಎಂ542ರಲ್ಲಿ ತಿರುಪು ಇಲ್ಲ, ಪುಟ್ಟ ಸ್ವಿಚ್ಚುಗಳ ಸಾಲು. ಪಕ್ಕದ ಪಟ್ಟಿಯಲ್ಲಿ ಎರಡು ಅಂಕಣ: ಪೀಕ್ (ಕರೆಂಟು ಮುಟ್ಟುವ ತುದಿ), ಆರ್‌ಎಂಎಸ್ (ನಿಜಕ್ಕೂ ಕೆಲಸಕ್ಕೆ ಸಿಗುವ ಕರೆಂಟು). 2.84 ಪೀಕ್ ಎಂದರೆ 2.03 ಆರ್‌ಎಂಎಸ್. ಎ.ಸಿ. ಕೆಲಸದವರಿಗೆ ಇದು ಹಳೇ ವಿಷಯ, ಆದರೆ ಎಷ್ಟೋ ಜನ 2.84 ನೋಡಿ ಮೋಟಾರಿಗೆ ಪೂರ್ತಿ ಕೊಟ್ಟೆವು ಅಂದುಕೊಳ್ಳುತ್ತಾರೆ. ನಾನು 3.31ಕ್ಕೆ ಇಟ್ಟೆ, ಅಂದರೆ 2.36 ಆರ್‌ಎಂಎಸ್. ಒಂದು ಗಂಟೆ ಬಿಟ್ಟು ಮೈ ಮುಟ್ಟಿದರೆ ಕೈ ಸುಡುತ್ತಿತ್ತು. ಅಳೆದರೆ 62 ಡಿಗ್ರಿ. ಅಂಗಡಿ ಹುಡುಗ ಓಡಿ ಬಂದು ಸ್ವಿಚ್ ಆಫ್ ಮಾಡಿದ. ಅವನ ತಪ್ಪಲ್ಲ. ನಮ್ಮ ಲೆಕ್ಕದಲ್ಲಿ ನಿಂತ ಮೋಟಾರಿಗೆ ಕರೆಂಟು ಹೋಗುತ್ತಿದೆ ಎಂದರೆ ಜಾಮ್ ಆಗಿದೆ, ಇನ್ನೈದು ನಿಮಿಷಕ್ಕೆ ವಾಸನೆ ಬರುತ್ತದೆ. ಸ್ಟೆಪ್ಪರಿಗೆ ನಿಂತಾಗಲೂ ಪೂರ್ತಿ ಕರೆಂಟೇ, ಅದು ಹಿಡಿದುಕೊಳ್ಳುವುದೇ ಹಾಗೆ. ಒಳಗಿನ ಇನ್ಸುಲೇಷನ್ ಕ್ಲಾಸ್ ಬಿ, 130 ಡಿಗ್ರಿಯದ್ದು. 62ಕ್ಕೆ ಏನೂ ಆಗದು. ನಿಂತಾಗ ಅರ್ಧ ಕರೆಂಟಿಗೆ ಇಳಿಸುವ ಸ್ವಿಚ್ಚೂ ಇದೆ, ಅದನ್ನು ಹಾಕಿದೆ.

34 ವೋಲ್ಟಿನಲ್ಲಿ ವೇಗ ಬಂತು. ಆದರೆ ಉದ್ದ ತುದಿ ಬಂದಾಗ ಈಗಲೂ ಆಗೊಮ್ಮೆ ಈಗೊಮ್ಮೆ ನಿಲ್ಲುತ್ತಿತ್ತು. ನಿಂತಾಗ 19 ಇರುವ ಮೋಟಾರಿಗೆ 16.5ರ ಭಾರ ನೇರ ಹೊರಿಸಿದರೆ ಮತ್ತೇನಾಗುತ್ತದೆ? ಅಚ್ಚಿಗೆ ನಿಮಿಷಕ್ಕೆ 120 ಸುತ್ತು ಸಾಕು. ಒಂದಕ್ಕೆ ಮೂರರ ಬೆಲ್ಟ್ ಹಾಕಿದರೆ ಮೋಟಾರ್ 360 ತಿರುಗುತ್ತದೆ, ಟಾರ್ಕ್ ಮೂರು ಪಟ್ಟು. ವೋಲ್ಟೇಜ್ ಕೊಟ್ಟ ವೇಗವನ್ನು ಬೆಲ್ಟಿನಲ್ಲಿ ಟಾರ್ಕಾಗಿ ಬದಲಿಸಿಕೊಂಡೆ. ಇದೇ ಸರಿಯಾದ ದಾರಿ ಎಂದು ಈಗಲೂ ನನ್ನ ಅಭಿಪ್ರಾಯ. ಇನ್ನೂ ದೊಡ್ಡ ಮೋಟಾರ್ ಕೊಳ್ಳುವುದು ಆಮೇಲಿನ ಮಾತು.

ಬೆಲ್ಟ್ ವಿಷಯದಲ್ಲಿ ಇನ್ನೊಂದು ಪೆಟ್ಟು ತಿಂದೆ. ಸುಲಭಕ್ಕೆ ಸಿಗುವ 6 ಮಿಲಿಮೀಟರ್ ಅಗಲದ ಜಿಟಿ2 ಬೆಲ್ಟು, 20 ಹಲ್ಲಿನ ಪುಲ್ಲಿ ಹಾಕಿದೆ. ಆರು ಕಾಯಿಲ್ ಚೆನ್ನಾಗಿಯೇ ಬಂದವು. ಅಭ್ಯಾಸಬಲದಿಂದ ಒಂದೊಂದನ್ನೂ ತೂಕಕ್ಕೆ ಇಟ್ಟೆ. ಐದು ಕಾಯಿಲ್ 317 ಗ್ರಾಂ ಆಸುಪಾಸು, ಒಂದು ಮಾತ್ರ 289. ಬಿಚ್ಚಿ ಎಣಿಸಿದರೆ 41 ಸುತ್ತು. ಪರದೆಯಲ್ಲಿ 45 ಎಂದೇ ಇತ್ತು. ಬೆಲ್ಟು ಹಲ್ಲು ಹಾರಿಸಿತ್ತು, ಆರ್ಡ್ವಿನೋಗೆ ಗೊತ್ತೇ ಇಲ್ಲ. ಅದು ಕೊಟ್ಟ ಹೆಜ್ಜೆ ಎಣಿಸುತ್ತದೆ, ನಡೆದ ಹೆಜ್ಜೆ ಅಲ್ಲ. ಆ ಕಾಯಿಲ್ ಸ್ಟೇಟರಿಗೆ (ಮೋಟಾರಿನ ತಿರುಗದ ಹೊರಭಾಗಕ್ಕೆ) ಹೋಗಿದ್ದರೆ ಮೂರು ಫೇಸ್ ಸಮ ಇರುತ್ತಿರಲಿಲ್ಲ, ಒಂದು ಫೇಸ್ ಜಾಸ್ತಿ ಕರೆಂಟು ಎಳೆದು ಮೋಟಾರ್ ಮತ್ತೆ ನನ್ನ ಅಂಗಡಿಗೇ ಬರುತ್ತಿತ್ತು.

ಆ 20 ಹಲ್ಲಿನ ಜಿಟಿ2 ಪುಲ್ಲಿಯ ಅರ್ಧವ್ಯಾಸ 6.4 ಮಿಲಿಮೀಟರ್. ಅದರ ಮೇಲೆ 19 ಕೆಜಿ-ಸೆಂಟಿಮೀಟರ್ ಬಿದ್ದರೆ ಬೆಲ್ಟಿಗೆ ಸುಮಾರು 30 ಕೆಜಿ ಎಳೆತ. ದಾರದಂಥ ಬೆಲ್ಟ್ ತಡೆಯುತ್ತದಾ? ಹೆಚ್‌ಟಿಡಿ 5ಎಂ, 15 ಮಿಲಿಮೀಟರ್ ಅಗಲದ್ದು ತರಿಸಿ, 20 ಮತ್ತು 60 ಹಲ್ಲಿನ ಪುಲ್ಲಿ ಹಾಕಿದೆ. ಈಗ ಎಳೆತ 12 ಕೆಜಿ. ಆಮೇಲೆ ಹಲ್ಲು ಹಾರಿಲ್ಲ. ಜೊತೆಗೆ ಅಚ್ಚಿನ ಶಾಫ್ಟಿಗೆ ಒಂದು ಆಯಸ್ಕಾಂತ, ಎದುರಿಗೆ ಅದನ್ನು ಗುರುತಿಸುವ ಒಂದು ಹಾಲ್ ಸೆನ್ಸರ್. ಸುತ್ತಿಗೊಂದು ಪಲ್ಸ್. ಹೆಜ್ಜೆಯ ಲೆಕ್ಕಕ್ಕೂ ಸೆನ್ಸರಿನ ಲೆಕ್ಕಕ್ಕೂ ಹೊಂದದಿದ್ದರೆ ಬಝರ್ ಕೂಗಿ ನಿಲ್ಲುತ್ತದೆ.

ಕೊನೆಯ ತೊಡಕು ಪ್ರೋಗ್ರಾಮಿನದ್ದು. ಬೆಲ್ಟ್ ಹಾಕಿದ ಮೇಲೂ ಮೋಟಾರ್ 150 ಸುತ್ತಿನ ಆಚೆ ಹೋಗಲೇ ಇಲ್ಲ. ಮತ್ತೆ ಟಾರ್ಕ್ ಸಾಲದು, ಮತ್ತೆ ವೋಲ್ಟೇಜ್ ಸಾಲದು ಎಂದು ಎರಡು ಸಂಜೆ ತಲೆ ಕೆಡಿಸಿಕೊಂಡೆವು. ಪ್ರತಿ ಹೆಜ್ಜೆಯನ್ನು ಎಂಟು ಚೂರು ಮಾಡಿ, ಡ್ರೈವರಿನಲ್ಲಿ ಒಂದು ಸುತ್ತಿಗೆ 1600 ಪಲ್ಸ್ ಇಟ್ಟಿದ್ದ ಅಕ್ಕನ ಮಗ. ಸ್ಟೆಪ್ಪರ್ ಓಡಿಸಲು ಅವನು ಬಳಸಿದ್ದ ಸಿದ್ಧ ಪ್ರೋಗ್ರಾಂ, ಅಕ್ಸೆಲ್‌ಸ್ಟೆಪ್ಪರ್ ಲೈಬ್ರರಿ, ಊನೋ ಮೇಲೆ ಸೆಕೆಂಡಿಗೆ ಸುಮಾರು 4000 ಹೆಜ್ಜೆ ಮಾತ್ರ ಕೊಡಬಲ್ಲದು. 4000ವನ್ನು 1600ರಿಂದ ಭಾಗಿಸಿದರೆ ಸೆಕೆಂಡಿಗೆ ಎರಡೂವರೆ ಸುತ್ತು, ನಿಮಿಷಕ್ಕೆ 150. ಮೋಟಾರ್ ಪಾಪ ಹೇಳಿದಷ್ಟೇ ಮಾಡುತ್ತಿತ್ತು. ಸ್ವಿಚ್ಚನ್ನು 400ಕ್ಕೆ ಬದಲಿಸಿದೆವು. 360 ಸುತ್ತಿಗೆ ಸೆಕೆಂಡಿಗೆ 2400 ಪಲ್ಸ್ ಸಾಕಾಯಿತು. ಹೊರಡುವಾಗ ಎರಡು ಸೆಕೆಂಡಿನಲ್ಲಿ ಮೆಲ್ಲಗೆ ವೇಗ ಏರುವ ಹಾಗೆ ಇಟ್ಟಿದ್ದೇವೆ, ನೇರ 360ಕ್ಕೆ ಎಗರಿಸಿದರೆ ಕೂಗಿಕೊಂಡು ನಿಲ್ಲುತ್ತದೆ.

ಈಗ 45 ಸುತ್ತಿನ ಒಂದು ಕಾಯಿಲಿಗೆ 25 ಸೆಕೆಂಡ್. ಸುತ್ತುವಾಗ ಸಪ್ಲೈ ಕಡೆ ಸುಮಾರು 1 ಆಂಪಿಯರ್ ಹೋಗುತ್ತದೆ, 300 ವಿ.ಎ. ಟ್ರಾನ್ಸ್‌ಫಾರ್ಮರ್ ಬೆಚ್ಚಗೂ ಆಗುವುದಿಲ್ಲ. ಅಷ್ಟು ದೊಡ್ಡದು ಬೇಕಿರಲಿಲ್ಲ, ಕೋರ್ ಪುಕ್ಕಟೆ ಇತ್ತು ಅಂತ ಹಾಕಿದ್ದು.

ವೈರ್ ಪಕ್ಕಪಕ್ಕ ಕೂರಿಸುವ ಕೆಲಸ ಇನ್ನೂ ಕೈಯಲ್ಲೇ ಇದೆ. ಅದಕ್ಕೊಂದು ಜಾರುವ ಗೈಡ್ ಮಾಡುತ್ತಿದ್ದೇವೆ, ಉದ್ದ ತಿರುಪಿನ ಮೇಲೆ ಓಡುವಂಥದ್ದು. ಅಲ್ಲಿ ಎಳೆತವೇ ಇಲ್ಲ, ವೈರನ್ನು ಆಚೀಚೆ ತಳ್ಳಿದರೆ ಸಾಕು. ತಕ್ಕಡಿ ಕಟ್ಟಿ ಅಳೆದೆ, ಅರ್ಧ ಕೆಜಿ-ಸೆಂಟಿಮೀಟರ್ ಕೂಡ ಬೇಡ. ಕುರಿ ಎಂದು ಬೈದು ಮೂಲೆಗೆ ಹಾಕಿದ್ದ ನೀಮಾ 17 ಮತ್ತು ಉಳಿದ ಎ4988ನ್ನು ತೆಗೆದು ಒರೆಸಿ ಇಟ್ಟಿದ್ದೇನೆ. ವಿರೆಫ್ 0.8ರಲ್ಲೇ ಇದೆ.